ಕೇಳುವವರಿಲ್ಲದ ಹಣವೂ ಅಡಮಾನದ ಸಾಲದಾತನ ಹಕ್ಕೂ

ದಿವಾಳಿಯ ವ್ಯವಹಾರದಲ್ಲಿ ಹಣದ ಕೊರತೆ ಸಹಜವಾದುದು. ಅಂಥಲ್ಲಿ ಹಂಚಿದ ಹಣವನ್ನು ಯಾರೂ ತೆಗೆದುಕೊಳ್ಳದೆ ಉಳಿಯುವುದೆಂದರೆ ಮೊದಲಿಗೆ ವಿಚಿತ್ರವಾಗಿ ತೋರುತ್ತದೆ. ಆದರೂ ಅಮೆರಿಕ ಸಂಯುಕ್ತ ಸಂಸ್ಥಾನಗಳ ದಿವಾಳಿ ನ್ಯಾಯಾಲಯಗಳಲ್ಲಿ ಈ ಪ್ರಶ್ನೆ ಅಪರೂಪವಾದುದಲ್ಲ. ಮನೆಯನ್ನು ಅಡವಾಗಿ ಪಡೆದು ಸಾಲ ಕೊಟ್ಟ ಬ್ಯಾಂಕಿನ ಹೆಸರಿನಲ್ಲಿ ತೆಗೆದಿರಿಸಿದ ಹಣ ಅದಕ್ಕೆ ಸಲ್ಲದೆ ಉಳಿದರೆ, ಆ ಹಣ ಯಾರದು? ಹಕ್ಕು ಹುಟ್ಟುವುದು ಪಟ್ಟಿಯಲ್ಲಿರುವ ಹೆಸರಿನಿಂದಲೋ, ತೀರದೆ ಉಳಿದ ಋಣದಿಂದಲೋ? ಈ ಲೇಖನದ ವಿಚಾರ ಇಷ್ಟೇ.

1978ರ ದಿವಾಳಿ ಸಂಹಿತೆಯ 13ನೆಯ ಅಧ್ಯಾಯದ ಮೇರೆಗೆ, ನಿಯತವಾದ ಆದಾಯವುಳ್ಳವನು ಮನೆಯನ್ನು ಉಳಿಸಿಕೊಂಡು, ಮುಂದಿನ ಮೂರರಿಂದ ಐದು ವರ್ಷಗಳ ಸಂಪಾದನೆಯಿಂದ ಸಾಲ ತೀರಿಸುವ ಯೋಜನೆಯನ್ನು ಒಪ್ಪಿಸಬಹುದು. ಟ್ರಸ್ಟಿಯು ಆ ಹಣವನ್ನು ಸಂಗ್ರಹಿಸಿ ಹಂಚುತ್ತಾನೆ. ಕೊನೆಯ ಹಂಚಿಕೆಯಾಗಿ 90 ದಿನಗಳು ಕಳೆದರೂ ನಗದಾಗದೆ ಉಳಿದ ಚೆಕ್ಕುಗಳನ್ನು ಟ್ರಸ್ಟಿಯು ತಡೆಹಿಡಿದು, ಹಣವನ್ನು ನ್ಯಾಯಾಲಯಕ್ಕೆ ಕಟ್ಟಬೇಕೆಂದು 347ನೆಯ ಕಲಮು ವಿಧಿಸುತ್ತದೆ. ಅಲ್ಲಿ ಐದು ವರ್ಷ ಯಾರೂ ಕೇಳದಿದ್ದರೆ ಅದು ಸರ್ಕಾರದ ಖಜಾನೆಯನ್ನು ಸೇರುತ್ತದೆ. ಆದರೆ ಹಕ್ಕು ಅಷ್ಟಕ್ಕೇ ಅಳಿಯುವುದಿಲ್ಲ. ಹಕ್ಕುಳ್ಳವನು ‘ಪೂರ್ಣ ಪ್ರಮಾಣ’ವನ್ನೊದಗಿಸಿ ಆಮೇಲೂ ಅದನ್ನು ಪಡೆಯಬಹುದು.

ಇಲ್ಲಿ ಎರಡು ಬಗೆಯ ಹಣವನ್ನು ಬೇರೆ ಬೇರೆಯಾಗಿ ನೋಡುವುದು ಅವಶ್ಯಕ. ಚೆಕ್ಕಾಗಿ ಹೊರಟು ಹಿಂದಿರುಗಿದ ಹಣ ಒಂದು. ಸಾಲದಾತನ ಕಡೆಗೆ ಹೊರಡದೆ ಟ್ರಸ್ಟಿಯ ಕೈಯಲ್ಲೇ ನಿಂತ ಹಣ ಇನ್ನೊಂದು. ಎರಡನೆಯದರ ಬಗ್ಗೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯ 2015ರ ಮೇ 18ರಂದು ಒಮ್ಮತದ ತೀರ್ಪನ್ನು ಕೊಟ್ಟಿತು. ಅದನ್ನು ಬರೆದವರು ನ್ಯಾಯಮೂರ್ತಿ ರೂತ್ ಬೇಡರ್ ಗಿನ್ಸ್‌ಬರ್ಗ್. ಆ ಮೊಕದ್ದಮೆಯ ಸಾಲಗಾರನು ಗೃಹಸಾಲದ ಕಂತುಗಳಲ್ಲಿ 3,700 ಡಾಲರ್ ಬಾಕಿ ಉಳಿಸಿಕೊಂಡಿದ್ದನು. ಅವನ ಸಂಬಳದಿಂದ ತಿಂಗಳಿಗೆ 530 ಡಾಲರ್ ಟ್ರಸ್ಟಿಗೆ ಸಲ್ಲುತ್ತಿದ್ದಿತು. ಆದರೆ ಮುಂದಿನ ಕಂತುಗಳೂ ತಪ್ಪಿದವು. ಬ್ಯಾಂಕು ಮನೆಯನ್ನು ವಶಪಡಿಸಿಕೊಂಡಿತು. ಟ್ರಸ್ಟಿಯು ಬ್ಯಾಂಕಿಗೆ ಪಾವತಿಯನ್ನು ನಿಲ್ಲಿಸಿದರಾದರೂ ಸಂಬಳದ ಕಡಿತ ಮಾತ್ರ ಮುಂದುವರಿಯಿತು. ಸುಮಾರು ಒಂದು ವರ್ಷದ ಮೇಲೆ ಸಾಲಗಾರನು ಪ್ರಕರಣವನ್ನು 7ನೆಯ ಅಧ್ಯಾಯಕ್ಕೆ ಪರಿವರ್ತಿಸಿದನು. ಹತ್ತು ದಿನಗಳ ತರುವಾಯ ಟ್ರಸ್ಟಿಯು 5,519 ಡಾಲರ್ 22 ಸೆಂಟುಗಳನ್ನು ಬಹುಮಟ್ಟಿಗೆ ಇತರ ಸಾಲದಾತರಿಗೆ ಹಂಚಿಬಿಟ್ಟರು. ಸದ್ಭಾವನೆಯಿಂದ ಪರಿವರ್ತನೆಯಾದ ಪಕ್ಷದಲ್ಲಿ ಹಂಚದೆ ಉಳಿದ ಸಂಬಳ ಸಾಲಗಾರನಿಗೇ ಹಿಂದಿರುಗಬೇಕೆಂದು ನ್ಯಾಯಾಲಯ ನಿರ್ಣಯಿಸಿತು.

ನಿರ್ಣಯ ಯುಕ್ತವಾದುದೇ. ಯೋಜನೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಕೈ ಸೇರದ ಹಣ ಸಾಲದಾತರ ಸ್ವತ್ತಾಗುವುದಿಲ್ಲವೆಂಬುದನ್ನು ಅದು ಸ್ಪಷ್ಟಪಡಿಸಿತು. ಆದರೆ ತೀರ್ಪಿನ ಆಧಾರವೆಲ್ಲವೂ ಪರಿವರ್ತನೆಯೆಂಬ ಒಂದು ಕ್ರಿಯೆಯ ಮೇಲೆ ನಿಂತಿದೆ. ಅದೇ ಮನುಷ್ಯನು ಪರಿವರ್ತನೆಯನ್ನು ಕೋರದೆ 13ನೆಯ ಅಧ್ಯಾಯದಲ್ಲೇ ಉಳಿದಿದ್ದರೆ, ಯೋಜನೆಯನ್ನು ತಿದ್ದಿ ಅದೇ ಹಣವನ್ನು ಇತರರಿಗೆ ಹಂಚಲು ಅವಕಾಶವಿದ್ದಿತು. ಹಣವೂ ಒಂದೇ, ಮನೆಯನ್ನು ಕಳೆದುಕೊಂಡವನೂ ಒಬ್ಬನೇ. ಫಲ ಮಾತ್ರ ಬೇರೆ. ಸಾಲದಾತರು ನಿಯತಕಾಲಿಕ ಹಂಚಿಕೆಯ ನಿಬಂಧನೆಯನ್ನು ಯೋಜನೆಯಲ್ಲಿ ಸೇರಿಸಿಕೊಳ್ಳಲು ಯತ್ನಿಸಬಹುದೆಂದು ತೀರ್ಪು ಸೂಚಿಸಿತು. ಈ ಸೂಚನೆ ಹಣ ಕೂಡಿಬೀಳುವುದನ್ನು ತಡೆದೀತೇ ಹೊರತು ಹಕ್ಕಿನ ಮೂಲವನ್ನು ತಿಳಿಸುವುದಿಲ್ಲ.

ಮೊದಲನೆಯ ಬಗೆಯ ಹಣದಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ನ್ಯಾಯಾಲಯದಲ್ಲಿರುವ ಹಣವನ್ನು ಬ್ಯಾಂಕು ಕೇಳಿದಾಗ, ಒಪ್ಪಿತವಾದ ದಾವೆಯೂ ಸ್ಥಿರವಾದ ಯೋಜನೆಯೂ ಸಾಕಾದ ಪ್ರಮಾಣವೆಂದು ವಾದಿಸಬಹುದು. 1327ನೆಯ ಕಲಮಿನ ಪ್ರಕಾರ ಯೋಜನೆ ಉಭಯರನ್ನೂ ಬಂಧಿಸುತ್ತದೆಂಬುದೂ ನಿಜ. ಆದರೆ ಒಪ್ಪಿದ ದಾವೆಯನ್ನು ಸಕಾರಣವಾಗಿ ಮರುಪರಿಶೀಲಿಸಲು 502ನೆಯ ಕಲಮು ಅವಕಾಶವಿತ್ತಿದೆ. ಗೃಹಸಾಲಗಳು ಕೈಯಿಂದ ಕೈಗೆ ಮಾರಾಟವಾಗುತ್ತವೆ. ಬ್ಯಾಂಕುಗಳು ಒಂದರಲ್ಲೊಂದು ವಿಲೀನವಾಗುತ್ತವೆ. ಮನೆಯ ವಿಕ್ರಯದಿಂದ ಸಾಲ ಪೂರ್ತಿ ತೀರಿರಬಹುದು, ಇಲ್ಲವೆ ಸ್ವಲ್ಪ ಉಳಿದಿರಲೂಬಹುದು. ಆದುದರಿಂದ ಸಾಲ ಈಗ ತನ್ನದೇ ಎಂಬುದನ್ನೂ, ಅದು ಇನ್ನೂ ತೀರಿಲ್ಲವೆಂಬುದನ್ನೂ, ಉಳಿದ ಮೊತ್ತವೆಷ್ಟೆಂಬುದನ್ನೂ ಬ್ಯಾಂಕು ಲೆಕ್ಕಸಹಿತ ತೋರಿಸಬೇಕು. ‘ಪೂರ್ಣ ಪ್ರಮಾಣ’ವೆಂಬ ಮಾತಿಗೆ ಇದಕ್ಕಿಂತ ಕಡಮೆಯಾದ ಅರ್ಥ ಸಲ್ಲದು. ಸಾಲ ತೀರಿದ ಮೇಲೂ ಹೆಸರಿನ ಬಲದಿಂದಲೇ ಹಣ ಕೊಟ್ಟರೆ, ಒಂದೇ ಋಣವನ್ನು ಎರಡು ಸಲ ವಸೂಲು ಮಾಡಿದಂತಾಗುತ್ತದೆ.

ಗಮನಿಸಬೇಕಾದ ಇನ್ನೊಂದು ಅಂಶವುಂಟು. ಇಂಥ ಅರ್ಜಿಯ ವಿಷಯದಲ್ಲಿ ನ್ಯಾಯಾಂಗ ಸಂಹಿತೆಯ 2042ನೆಯ ಕಲಮು ಹೆಸರಿಸಿ ತಿಳಿವಳಿಕೆ ಕೊಡಿಸುವುದು ಸರ್ಕಾರದ ವಕೀಲನಿಗೆ. ಸಾಲಗಾರನ ಹೆಸರನ್ನು ಅದು ಎತ್ತುವುದಿಲ್ಲ. ಖಜಾನೆಯ ಹಿತವನ್ನು ಕಾಯುವವನಿಗೆ ಕರೆಯುಂಟು. ದುಡಿದು ಆ ಹಣವನ್ನು ಕಟ್ಟಿದವನಿಗೆ ಆ ಕಲಮಿನಲ್ಲಿ ಕರೆಯಿಲ್ಲ. ಎದುರು ಹೇಳುವವನಿಲ್ಲದ ಅರ್ಜಿಯಲ್ಲಿ ಪ್ರಮಾಣ ಬರಿಯ ಕಾಗದದ ವಿಧಿಯಾಗಿಬಿಡುವ ಭಯವುಂಟು. ಸಾಲ ತೀರಿತೋ ಇಲ್ಲವೋ ಎಂಬುದನ್ನು ಬ್ಯಾಂಕಿನಷ್ಟೇ ಬಲ್ಲವನು ಸಾಲಗಾರನು. ಅವನಿಗೆ ತಿಳಿವಳಿಕೆ ಕೊಟ್ಟು, ಅವನ ಮಾತನ್ನು ಕೇಳಿ, ಬ್ಯಾಂಕಿನ ಲೆಕ್ಕವನ್ನು ಪರೀಕ್ಷಿಸಿದ ಅನಂತರವೇ ಹಣವನ್ನು ಬಿಡುಗಡೆ ಮಾಡುವುದು ನ್ಯಾಯವೆನಿಸೀತು.