ಗಾಳಿ ಪುಕ್ಕಟೆ, ಬಿಸಿ ಪುಕ್ಕಟೆಯಲ್ಲ

ಕಾದಂಬರಿಗೆ ವಿಮರ್ಶಕರಿದ್ದಾರೆ, ನಾಟಕಕ್ಕೆ ಇದ್ದಾರೆ, ಸಂಗೀತ ಕಚೇರಿಗಂತೂ ಸಭಾಂಗಣದ ತುಂಬ ಇದ್ದಾರೆ. ಯಂತ್ರಕ್ಕೆ ಮಾತ್ರ ನಮ್ಮಲ್ಲಿ ವಿಮರ್ಶೆಯಿಲ್ಲ. ಊರು ಬಿಟ್ಟು ಮುಂಬಯಿ, ಪುಣೆ, ಚೆನ್ನೈಗಳಿಗೆ ಬಂದ ನಮ್ಮವರಲ್ಲಿ ಎಷ್ಟೋ ಮನೆಗಳ ಅನ್ನ ಹುಟ್ಟುವುದು ಯಂತ್ರದಿಂದಲೇ. ಆದರೂ ಹೊಸ ಕಾರೊಂದು ಬಂದಾಗ ನಾವು ಕೇಳುವ ಪ್ರಶ್ನೆ ಎರಡೇ: ಬೆಲೆ ಎಷ್ಟು, ಲೀಟರಿಗೆ ಎಷ್ಟು ಓಡುತ್ತದೆ? ಪುಸ್ತಕವನ್ನು ಅದರ ರಟ್ಟು ನೋಡಿ ಅಳೆದಂತೆ ಇದು. ಯಂತ್ರವೂ ಮನುಷ್ಯನ ಕೃತಿ; ಅದರಲ್ಲಿಯೂ ಆಶಯವಿರುತ್ತದೆ, ಕಟ್ಟೋಣವಿರುತ್ತದೆ, ರಾಜಿಗಳಿರುತ್ತವೆ. ಅಂಥ ಒಂದು ಕೃತಿಯನ್ನು ಈ ಸಲ ಪರಿಶೀಲಿಸೋಣ. ಅದು ಫ್ರಾನ್ಸಿನ ರೆನೊ ಕಂಪನಿ 1985ರಲ್ಲಿ ಹೊರತಂದ ‘ರೆನೊ 5 ಜಿ.ಟಿ. ಟರ್ಬೊ’.

ಹಿಂಬದಿಗೆ ಮೇಲೆತ್ತುವ ಬಾಗಿಲಿರುವ ಚಿಕ್ಕ ಕುಟುಂಬದ ಕಾರಿಗೆ ಹ್ಯಾಚ್‌ಬ್ಯಾಕ್ ಎನ್ನುತ್ತಾರೆ. ಅಂಥ ಕಾರಿಗೆ ಬಲವಾದ ಎಂಜಿನ್ ಕೂಡಿಸಿ ಮಾರುವ ಪದ್ಧತಿಯನ್ನು 1976ರಲ್ಲಿ ಜರ್ಮನಿಯ ಗಾಲ್ಫ್ ಜಿ.ಟಿ.ಐ. ಜನಪ್ರಿಯಗೊಳಿಸಿತು. 1984ರಲ್ಲಿ ಫ್ರಾನ್ಸಿನಲ್ಲೇ ಪೆಜೊ 205 ಜಿ.ಟಿ.ಐ. ಬಂತು. ಇವೆರಡೂ ಆಧುನಿಕ ಎಂಜಿನ್ನುಗಳನ್ನು ನಂಬಿದವು. ರೆನೊ ಕೈಯಲ್ಲಿದ್ದುದು 1962ರಲ್ಲಿ ಹುಟ್ಟಿದ ಎರಕದ ಕಬ್ಬಿಣದ ಎಂಜಿನ್ನಿನ ವಂಶದ ಕುಡಿ. ಅದರ ಕವಾಟಗಳನ್ನು ಉದ್ದನೆಯ ಸಲಾಕೆಗಳು ತಳ್ಳಿ ತೆರೆಯಬೇಕು. ಇದೇ 1397 ಸಿ.ಸಿ. ಎಂಜಿನ್ ಸಾಧಾರಣ ರೆನೊ 5 ಜಿ.ಟಿ.ಎಲ್. ಕಾರಿನಲ್ಲಿ ಕೊಡುತ್ತಿದ್ದುದು 60 ಅಶ್ವಶಕ್ತಿ. ಜಿ.ಟಿ. ಟರ್ಬೊದಲ್ಲಿ ಕೊಟ್ಟಿದ್ದು 115. ಮುದುಕನಿಗೆ ಈ ಕಸುವು ಬಂದದ್ದೆಲ್ಲಿಂದ?

ಕಮ್ಮಾರನ ತಿದಿಯನ್ನು ಕಂಡವರಿಗೆ ಉತ್ತರ ಕಷ್ಟವಲ್ಲ. ಕುಲುಮೆಗೆ ಗಾಳಿ ಹೆಚ್ಚು ಊದಿದರೆ ಇದ್ದಿಲು ಹೆಚ್ಚು ಉರಿಯುತ್ತದೆ. ಎಂಜಿನ್ನಿಗೂ ಹಾಗೆಯೇ ಹೆಚ್ಚು ಗಾಳಿ ತುಂಬಿದರೆ ಹೆಚ್ಚು ಪೆಟ್ರೋಲು ಉರಿಸಬಹುದು. ವ್ಯರ್ಥವಾಗಿ ಹೊರಹೋಗುವ ಹೊಗೆಯಿಂದಲೇ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡಕ್ಕೆ ಕೂಡಿಸಿದ ಇನ್ನೊಂದು ಚಕ್ರದಿಂದ ಗಾಳಿಯನ್ನು ಒತ್ತುವ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಖಿ 1905ರಲ್ಲೇ ಪೇಟೆಂಟ್ ಪಡೆದಿದ್ದ. ರೆನೊ ಇದನ್ನು ಕಲಿತದ್ದು ಪಂದ್ಯದ ಅಂಗಳದಲ್ಲಿ. 1977ರಲ್ಲಿ ಇಂಗ್ಲೆಂಡಿನ ಸಿಲ್ವರ್‌ಸ್ಟೋನಿನಲ್ಲಿ ಅದರ ಟರ್ಬೊ ಕಾರು ಫಾರ್ಮುಲಾ ಒನ್ ಪ್ರವೇಶಿಸಿದಾಗ, ಪದೇ ಪದೇ ಕೆಟ್ಟು ಹೊಗೆಯಾಡುತ್ತಿದ್ದ ಅದಕ್ಕೆ ‘ಹಳದಿ ಚಹಾಪಾತ್ರೆ’ ಎಂದು ಅಡ್ಡಹೆಸರು ಬಿತ್ತು. ಎರಡೇ ವರ್ಷದಲ್ಲಿ, 1979ರಲ್ಲಿ, ದಿಜೋನಿನಲ್ಲಿ ಜಾನ್-ಪಿಯೆರ್ ಜಬೂಯಿ ಅಂಥದೇ ಟರ್ಬೊ ಕಾರಿನಲ್ಲಿ ಗೆದ್ದ. ನಕ್ಕವರು ಕ್ರಮೇಣ ಟರ್ಬೊಗಳನ್ನು ಕಟ್ಟಲು ಕುಳಿತರು.

ಆದರೆ ಗಾಳಿ ಪುಕ್ಕಟೆಯಾದರೂ ಅದರ ಜೊತೆ ಬರುವ ಬಿಸಿ ಪುಕ್ಕಟೆಯಲ್ಲ. 30 ಡಿಗ್ರಿಯ ಗಾಳಿಯನ್ನು 1.7 ಪಟ್ಟು ಒತ್ತಡಕ್ಕೆ ಏರಿಸಿದರೆ ಅದು ಸುಮಾರು 100 ಡಿಗ್ರಿಗೆ ಕಾಯುತ್ತದೆ. ಕಾದ ಗಾಳಿ ಹಿಗ್ಗಿ ತೆಳುವಾಗುತ್ತದೆ. ಮೇಲಾಗಿ ಕಿಡಿ ಹೊತ್ತಿದ ಮೇಲೆ ಸಿಲಿಂಡರಿನ ಮೂಲೆಯಲ್ಲಿ ಉಳಿದ ಪೆಟ್ರೋಲು-ಗಾಳಿ ತಾನಾಗಿಯೇ ಸಿಡಿಯುವ ಅಪಾಯ ಹೆಚ್ಚುತ್ತದೆ. ಮೆಕ್ಯಾನಿಕ್‌ಗಳು ‘ನಾಕಿಂಗ್’ ಎನ್ನುವುದು ಇದನ್ನೇ. ಆದ್ದರಿಂದ ಗಾಳಿಯನ್ನು ತಣಿಸಲು ಇಂಟರ್‌ಕೂಲರ್ ಬೇಕು, ಎಂಜಿನ್ನಿನ ಸಂಪೀಡನೆಯನ್ನು ತಗ್ಗಿಸಬೇಕು. ರೆನೊ ಎರಡನ್ನೂ ಮಾಡಿತು. ಸಂಪೀಡನೆಯ ಪ್ರಮಾಣವನ್ನು 8ಕ್ಕಿಂತ ತುಸು ಕೆಳಗಿಳಿಸಿತು. ಟರ್ಬೊ ಊದದಿರುವಾಗ ಎಂಜಿನ್ ಸಪ್ಪೆಯಾಗಿರುವುದಕ್ಕೂ, ಕಾಲಿಟ್ಟು ಕ್ಷಣಕಾಲ ಕಾದ ಮೇಲೆ ಕಾರು ಒಮ್ಮೆಲೇ ಜಿಗಿಯುವುದಕ್ಕೂ ಒಂದು ಕಾರಣ ಇಲ್ಲಿದೆ.

ಕೃತಿಯ ನಿಜವಾದ ದೋಷ ಬೇರೆ ಕಡೆಯಿದೆ. 1980ರಲ್ಲಿ ಬಂದ, ನಡುವೆ ಎಂಜಿನ್ ಹೊತ್ತ ದುಬಾರಿ ‘ರೆನೊ 5 ಟರ್ಬೊ’ಗೆ ಪೆಟ್ರೋಲನ್ನು ಅಳೆದು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯಿತ್ತು. 1981ರ ಮಾಂಟೆ ಕಾರ್ಲೊ ರ್‍ಯಾಲಿಯಲ್ಲಿ ಜಾನ್ ರಾನ್ಯೊಟಿ ಗೆದ್ದದ್ದು ಆ ಮಾದರಿಯಲ್ಲಿ. ಜನಸಾಮಾನ್ಯರ ಜಿ.ಟಿ. ಟರ್ಬೊಗೆ ಬಂದದ್ದು ಒಂದು ಸೋಲೆಕ್ಸ್ ಕಾರ್ಬ್ಯುರೇಟರ್. ಟರ್ಬೊ ಒತ್ತಿದ ಗಾಳಿ ಈ ಕಾರ್ಬ್ಯುರೇಟರಿನ ಮೂಲಕವೇ ಒಳನುಗ್ಗಬೇಕು. ಕೆಂಪಗೆ ಕಾಯುವ ಟರ್ಬೊ ಅದರ ನೆರೆಮನೆ. ಜೋರಾಗಿ ಓಡಿಸಿ ನಿಲ್ಲಿಸಿದರೆ ಕಾರ್ಬ್ಯುರೇಟರಿನಲ್ಲಿದ್ದ ಪೆಟ್ರೋಲು ಆವಿಯಾಗಿ ಕಾರು ಮತ್ತೆ ಸ್ಟಾರ್ಟ್ ಆಗಲು ಮುಷ್ಕರ ಹೂಡುತ್ತಿತ್ತು. ಅದಕ್ಕಾಗಿ ಪ್ರತ್ಯೇಕ ಫ್ಯಾನ್ ಇಡಬೇಕಾಯಿತು. 1987ರ ಪರಿಷ್ಕೃತ ಮಾದರಿಯಲ್ಲಿ ಟರ್ಬೊವನ್ನೇ ನೀರಿನಿಂದ ತಣಿಸಿ, ಶಕ್ತಿಯನ್ನು 120ಕ್ಕೆ ಏರಿಸಿದರು. ಗಾಯಕ್ಕೆ ಮುಲಾಮು ಸಿಕ್ಕಿತು. ಅಡುಗೆ ಒಲೆಯ ಪಕ್ಕದಲ್ಲೇ ಪೆಟ್ರೋಲು ಇಟ್ಟ ಮೂಲ ಯೋಜನೆ ಬದಲಾಗಲಿಲ್ಲ.

ಹೀಗಿದ್ದೂ ಇದನ್ನು ದುರ್ಬಲ ಕೃತಿ ಎನ್ನಲಾಗದು. ಸುಮಾರು 850 ಕಿಲೋ ತೂಕದ ಕಾರಿಗೆ 115 ಅಶ್ವಶಕ್ತಿ ಸಾಕೆಂಬ ಲೆಕ್ಕಾಚಾರ ಜಾಣತನದ್ದು. 1989ರಲ್ಲಿ ಆಫ್ರಿಕಾದ ಐವರಿ ಕೋಸ್ಟ್ ರ್‍ಯಾಲಿಯನ್ನು ಅಲೆನ್ ಒರೆಯ್ ಗೆದ್ದದ್ದು ಇದರಲ್ಲೇ. ಅದೂ ಅಂಗಡಿಯ ಕಾರಿಗೆ ಅತಿ ಸಮೀಪವಾದ ‘ಗ್ರೂಪ್ ಎನ್’ ವರ್ಗದಲ್ಲಿ. ವಿಶ್ವ ರ್‍ಯಾಲಿ ಪಂದ್ಯಾವಳಿಯಲ್ಲಿ ಆ ವರ್ಗದ ಕಾರಿಗೆ ಸಂದ ಏಕೈಕ ಒಟ್ಟಾರೆ ಜಯವದು. ಪೈಪೋಟಿ ತೆಳುವಾಗಿತ್ತೆಂಬುದು ನಿಜ. ಆದರೆ ಆಫ್ರಿಕಾದ ಧೂಳಿಗೂ ಸೆಕೆಗೂ ರಿಯಾಯಿತಿ ಗೊತ್ತಿಲ್ಲ.

ಇನ್ನು ‘ಟ್ಯೂನಿಂಗ್’ ಎಂಬ ವ್ಯಾಖ್ಯಾನಕಾರರ ಮಾತು. ಟರ್ಬೊದ ಒತ್ತಡ ಮಿತಿ ಮೀರದಂತೆ ಕಾಯುವ ಕದಕ್ಕೆ ವೇಸ್ಟ್‌ಗೇಟ್ ಎಂದು ಹೆಸರು. ಒತ್ತಡ ಏರಿದಾಗ ಅದು ತೆರೆದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ. ಅದಕ್ಕೆ ಒತ್ತಡದ ಸುದ್ದಿ ಮುಟ್ಟಿಸುವ ರಬ್ಬರ್ ನಳಿಗೆಗೆ ಗಾಳಿ ಸೋರುವ ಒಂದು ಚಿಕ್ಕ ಕವಾಟ ಹಾಕಿದರೆ ಸಾಕು, ಕದ ತಡವಾಗಿ ತೆರೆಯುತ್ತದೆ, ಶಕ್ತಿ ಏರುತ್ತದೆ. ಅರ್ಧ ಗಂಟೆಯ ಕೆಲಸ, ಪುಡಿಗಾಸಿನ ಖರ್ಚು. ಕುಕ್ಕರಿನ ತೂಕದ ಮೇಲೆ ಇನ್ನೊಂದು ತೂಕ ಇಟ್ಟಂತೆ! ಗಾಳಿ ಹೆಚ್ಚಿತು, ಆದರೆ ಕಾರ್ಬ್ಯುರೇಟರಿನ ಜೆಟ್ ರಂಧ್ರ ಹಿಗ್ಗಲಿಲ್ಲ. ಪೆಟ್ರೋಲಿನ ಪಾಲು ಕಡಿಮೆಬಿದ್ದು ನಾಕಿಂಗ್ ಶುರುವಾಗುತ್ತದೆ, ಪಿಸ್ಟನ್ ಒಡೆಯುತ್ತದೆ, ಹೆಡ್ ಗ್ಯಾಸ್ಕೆಟ್ ಹಾರುತ್ತದೆ. ಬಲ್ಲವರು ಮೊದಲು ದೊಡ್ಡ ಇಂಟರ್‌ಕೂಲರ್ ಹಾಕಿ, ಜೆಟ್ ಬದಲಿಸಿ, ಪೆಟ್ರೋಲಿನ ಒತ್ತಡ ಹೊಂದಿಸಿ, ಕಿಡಿಯ ಹೊತ್ತನ್ನು ತಡಮಾಡಿ, ಎಲ್ಲಕ್ಕೂ ಕೊನೆಗೆ ಗಾಳಿಯನ್ನು ಏರಿಸುತ್ತಾರೆ. ಮೊದಲನೆಯವನು ಒಂದು ಸಾಲು ಓದಿ ಅರ್ಥ ಹೇಳಿದವನು, ಎರಡನೆಯವನು ಇಡೀ ಕೃತಿಯನ್ನು ಓದಿದವನು.

ಈ ಮಾತು ಹಳೆಯ ಫ್ರೆಂಚ್ ಕಾರಿನೊಂದಿಗೆ ಮುಗಿಯಲಿಲ್ಲ. ಅದೇ ರೆನೊ 2021ರಲ್ಲಿ ನಮ್ಮ ದೇಶದಲ್ಲಿ ಬಿಡುಗಡೆ ಮಾಡಿದ, ಚೆನ್ನೈ ಬಳಿ ತಯಾರಾದ ಕೈಗರ್ ಕಾರಿನ ಟರ್ಬೊ ಎಂಜಿನ್ 999 ಸಿ.ಸಿ.ಯಿಂದಲೇ 100 ಅಶ್ವಶಕ್ತಿ ಕೊಡುತ್ತದೆ. ಕಾರ್ಬ್ಯುರೇಟರ್ ಹೋಗಿ ಕಂಪ್ಯೂಟರ್ ಬಂದಿದೆ; ಆ ಕವಾಟದ ಜಾಗಕ್ಕೆ ‘ರೀಮ್ಯಾಪ್’ ಬಂದಿದೆ. ಲ್ಯಾಪ್‌ಟಾಪ್ ಜೋಡಿಸಿ ಒಂದು ಗಂಟೆಯಲ್ಲಿ ಶಕ್ತಿ ಏರಿಸಿಕೊಡುತ್ತೇವೆಂಬ ಮಾತಿಗೆ ನಮ್ಮ ಹುಡುಗರು ಮರುಳಾಗುವುದುಂಟು. ಕಂಪನಿ ಬಿಟ್ಟ ಅಂತರ ಜಿಪುಣತನವೆಂದು ಅವರ ಭಾವನೆ. ದೆಹಲಿಯ ಮೇ ತಿಂಗಳ ಬಿಸಿಲು, ಘಾಟಿಯ ಏರು, ಕಳಪೆ ಪೆಟ್ರೋಲು, ಕಾರಿನ ತುಂಬ ಜನ, ಛಾವಣಿಯ ಮೇಲೆ ಊರಿಗೊಯ್ಯುವ ಸಾಮಾನು, ಇವೆಲ್ಲ ಒಂದೇ ದಿನ ಎದುರಾದಾಗ ಎಂಜಿನ್ ಉಳಿಯಲೆಂದು ಯಾರೋ ಎಂಜಿನಿಯರ್ ಕುಳಿತು ಲೆಕ್ಕ ಹಾಕಿ ಬಿಟ್ಟ ಅಂತರ ಅದು.

ಆದುದರಿಂದ ಮಗನೋ ಮಗಳೋ ಮುಂದಿನ ಸಲ ಟರ್ಬೊ ಕಾರಿನ ಮಾತೆತ್ತಿದಾಗ ಗದರಿಸಬೇಡಿ. ‘ಗಾಳಿ ಹೆಚ್ಚಾದರೆ ಬಿಸಿ ಎಲ್ಲಿಗೆ ಹೋಗುತ್ತದೆ?’ ಎಂದು ಕೇಳಿ. ಉತ್ತರಕ್ಕೆ ಅವರು ತಡಕಾಡಿದರೆ, ಕಾಗದ ಪೆನ್ಸಿಲ್ ತಂದು ಜೊತೆಯಲ್ಲಿ ಕುಳಿತುಕೊಳ್ಳಿ.