ದಾಖಲೆಗೆ ಸಲ್ಲದ ಹಾದಿ

2011ರ ಏಪ್ರಿಲಿನಲ್ಲಿ ಕೀನ್ಯಾ ದೇಶದ ಜೆಫ್ರಿ ಮುತಾಯ್ ಬಾಸ್ಟನ್ ಮ್ಯಾರಥಾನನ್ನು 2 ಗಂಟೆ 3 ನಿಮಿಷ 2 ಸೆಕೆಂಡುಗಳಲ್ಲಿ ಓಡಿ ಮುಗಿಸಿದನು. ಅಷ್ಟು ಶೀಘ್ರವಾಗಿ ಆ ದೂರವನ್ನು ಅದುವರೆಗೆ ಯಾರೂ ಕ್ರಮಿಸಿರಲಿಲ್ಲ. ಆದರೂ ವಿಶ್ವದಾಖಲೆಯ ಗೌರವ ಅದಕ್ಕೆ ಲಭಿಸಲಿಲ್ಲ. ಓಟ ಹೊರಡುವ ಹಾಪ್‌ಕಿಂಟನ್ನಿಗಿಂತ ಅದು ಮುಗಿಯುವ ಬಾಸ್ಟನ್ ಪೇಟೆ ಸುಮಾರು 140 ಮೀಟರ್ ತಗ್ಗಿನಲ್ಲಿದೆ. ಹಾದಿಯೂ ಸುತ್ತಿ ಬಾರದೆ ಒಂದೇ ದಿಕ್ಕಿಗೆ ಸಾಗುವುದರಿಂದ, ಗಾಳಿ ಬೆನ್ನಿಗೆ ಬೀಸಿತೆಂದರೆ ಕೊನೆಯವರೆಗೂ ಅದರ ಒತ್ತಾಸೆ ದೊರೆಯುತ್ತದೆ. ಇವೆರಡೂ ನಿಯಮಗಳಿಗೆ ಒಗ್ಗವು. ನ್ಯಾಯವೇ ಸರಿ. ಆದರೆ ಇಳಿಜಾರೆಂದರೆ ಸುಲಭವೆಂದು ಬಗೆಯುವವರು ಎಂದೂ ಬೆಟ್ಟವಿಳಿದು ಮಾರನೆಯ ದಿನ ಮೆಟ್ಟಿಲು ಹತ್ತಿದವರಲ್ಲ.

1896ರ ಅಥೆನ್ಸ್ ಒಲಿಂಪಿಕ್ಸಿನ ಓಟವನ್ನು ಕಂಡು ಉತ್ಸಾಹಗೊಂಡು ಹಿಂದಿರುಗಿದ ಬಾಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್ನಿನವರು, ಮರುವರ್ಷ ಏಪ್ರಿಲ್ 19ರಂದು ತಮ್ಮದೇ ಓಟವನ್ನು ಏರ್ಪಡಿಸಿದರು. ಆಶ್‌ಲಂಡಿನಿಂದ ಹೊರಟವರು 15 ಮಂದಿ, ಗುರಿ ಮುಟ್ಟಿದವರು 10. ಮೊದಲಿಗನಾದವನು ನ್ಯೂಯಾರ್ಕಿನ ಜಾನ್ ಮೆಕ್‌ಡರ್ಮಟ್. ಪ್ರಾರಂಭಸ್ಥಾನ ಹಾಪ್‌ಕಿಂಟನ್ನಿಗೆ ಸರಿದುದು 1924ರಲ್ಲಿ. ಸ್ತ್ರೀದೇಹಕ್ಕೆ ಇಷ್ಟು ದೂರ ಓಡುವ ಶಕ್ತಿಯೇ ಇಲ್ಲವೆಂದು ವ್ಯವಸ್ಥಾಪಕರು ಬಹುಕಾಲ ನಿಶ್ಚಯಿಸಿಕೊಂಡಿದ್ದರು. 1966ರಲ್ಲಿ ಬಾಬಿ ಗಿಬ್ ಪೊದೆಯೊಂದರ ಮರೆಯಲ್ಲಿ ಕಾದಿದ್ದು, ಓಟ ಹೊರಟೊಡನೆ ಗುಂಪಿನಲ್ಲಿ ಸೇರಿ, 3 ಗಂಟೆ 21 ನಿಮಿಷಗಳಲ್ಲಿ ಗುರಿ ಮುಟ್ಟಿದಳು. ಆಮೇಲೂ ಸ್ತ್ರೀಯರು ಓಡಬಲ್ಲರೆಂಬುದು ವ್ಯವಸ್ಥಾಪಕರಿಗೆ ಮನವರಿಕೆಯಾಗಲು 1972 ಬರಬೇಕಾಯಿತು!

ಹಾದಿಯ ಕುಟಿಲತೆಯ ಮಾತಿಗೆ ಮರಳೋಣ. ಹೊರಟೊಡನೆಯೇ ತೀವ್ರವಾಗಿ ಇಳಿಯುವ ರಸ್ತೆ ಓಟಗಾರನಿಗೆ ಇಲ್ಲದ ಬಲದ ಭ್ರಾಂತಿಯನ್ನು ಹುಟ್ಟಿಸುತ್ತದೆ. ಹೆಜ್ಜೆಹೆಜ್ಜೆಗೂ ದೇಹದ ಭಾರವನ್ನು ತಡೆಹಿಡಿಯುತ್ತ ತೊಡೆಯ ಸ್ನಾಯುಗಳು ಒಳಗೊಳಗೇ ಜರ್ಜರಿತವಾಗುತ್ತವೆ. ಹೀಗೆ ದಣಿಸಿದ ಬಳಿಕ ನ್ಯೂಟನ್ನಿನ ನಾಲ್ಕು ದಿಣ್ಣೆಗಳು ಎದುರಾಗುತ್ತವೆ. ಕಡೆಯದಾದ ಹಾರ್ಟ್‌ಬ್ರೇಕ್ ಹಿಲ್ಲಿನ ಏರು 30 ಮೀಟರನ್ನೂ ಮುಟ್ಟದು. ಬೇರೆಡೆ ಇದ್ದಿದ್ದರೆ ಅದಕ್ಕೊಂದು ಹೆಸರೂ ಇರುತ್ತಿರಲಿಲ್ಲ. ಅದು ನಿಂತಿರುವುದು 33ನೆಯ ಕಿಲೋಮೀಟರಿನ ಆಸುಪಾಸಿನಲ್ಲಿ.

1936ರಲ್ಲಿ, ಹಿಂದಿನ ವರ್ಷದ ವಿಜೇತ ಜಾನಿ ಕೆಲಿ, ಮೊದಲಿನಿಂದಲೂ ಮುಂದಿದ್ದ ನಾರಗಾನ್ಸೆಟ್ ಬುಡಕಟ್ಟಿನ ಎಲಿಸನ್ 'ಟಾರ್ಜನ್' ಬ್ರೌನನನ್ನು ಈ ದಿಣ್ಣೆಗಳಲ್ಲಿ ಬೆನ್ನಟ್ಟಿ ಹಿಡಿದು, ಹಾದುಹೋಗುವಾಗ ಅವನ ಭುಜವನ್ನು ಮೆಲ್ಲನೆ ತಟ್ಟಿದನು. ಸೌಜನ್ಯದಿಂದ ತಟ್ಟಿದನೋ, ಇನ್ನು ನಿನ್ನ ಆಟ ಮುಗಿಯಿತೆಂಬ ಭಾವದಿಂದಲೋ, ಬ್ರೌನನಂತೂ ಚೇತರಿಸಿಕೊಂಡು ಮುನ್ನುಗ್ಗಿ ಗೆದ್ದನು; ಕೆಲಿ ಐದನೆಯವನಾದನು. ಕೆಲಿಯ ಎದೆ ಅಲ್ಲಿ ಒಡೆಯಿತೆಂದು 'ಬಾಸ್ಟನ್ ಗ್ಲೋಬ್' ಪತ್ರಿಕೆಯ ಜೆರ್ರಿ ನೇಸನ್ ಬರೆದುದರಿಂದ ದಿಣ್ಣೆಗೆ ಆ ಹೆಸರು ನಿಂತಿತು. ನೇಸನ್ ಕೊಂಚ ಅವಸರಪಟ್ಟನೆಂದೇ ನನ್ನ ಎಣಿಕೆ. ಏಕೆಂದರೆ ಕೆಲಿ 1945ರಲ್ಲಿ ಮತ್ತೆ ಗೆದ್ದನು, ಒಟ್ಟು ಏಳು ಬಾರಿ ಎರಡನೆಯವನಾದನು, 1992ರಲ್ಲಿ 84ರ ಮುದುಕನಾಗಿ 61ನೆಯ ಸಲ ಹಾಪ್‌ಕಿಂಟನ್ನಿನಿಂದ ಹೊರಟನು.