ಸಂಜೆ ನಾಲ್ಕರೊಳಗೆ ಏಳುನೂರು ಶಬ್ದ

ಹೋದ ವರ್ಷ ಡೊಂಬಿವಲಿಯ ನಮ್ಮ ಮನೆಗೆ ಬಣ್ಣ ಹೊಡೆಸುವಾಗ ಅಟ್ಟದ ಮೇಲಿಂದ ಒಂದು ರಟ್ಟಿನ ಫೈಲು ಇಳಿಯಿತು. ಬ್ಯಾಂಕಿನಲ್ಲಿ ಸಾಲದ ಕಾಗದಪತ್ರ ಇಡುತ್ತಿದ್ದಂಥದೇ ಫೈಲು, ಬಿಳಿ ಲಾಡಿಯದ್ದು. ನಿವೃತ್ತಿಯಾದ ಮೇಲೆ ಊರ ಕಡೆಯ ಪತ್ರಿಕೆಗೆ ನಾನು ಬರೆದ ಲೇಖನಗಳ ತುಣುಕುಗಳು ಅದರಲ್ಲಿದ್ದವು. ಎಲ್ಲವೂ ‘ತಕ್ಷಣ ಬೇಕು’ ಅಂತ ಕೇಳಿಸಿಕೊಂಡು ಬರೆದವು. ಬಜೆಟ್ಟಿನ ದಿನ ಬಜೆಟ್ಟು, ರೆಪೋ ದರ ಇಳಿದ ದಿನ ರೆಪೋ. ಬಣ್ಣದವನು ಮಧ್ಯಾಹ್ನ ಊಟಕ್ಕೆ ಹೋಗಿದ್ದ. ಕೂತು ಓದಿದೆ. ಇನ್ಸ್‌ಪೆಕ್ಷನ್ನಿಗೆ ಬಂದ ಅಧಿಕಾರಿ ಬೇರೆ ಶಾಖೆಯ ಲೆಡ್ಜರು ನೋಡುವ ಹಾಗೆ ಓದಿದೆ ಅನ್ನಿ. ನೋಡಿದ್ದು ಸಂತೋಷ ಕೊಡಲಿಲ್ಲ.

ಮೊದಲನೆಯ ತುಣುಕು 2016ರ ನವೆಂಬರ್ 10ರದ್ದು. ನಾನು ಆ ವರ್ಷದ ಮೇ ತಿಂಗಳಲ್ಲಷ್ಟೇ ನಿವೃತ್ತನಾಗಿದ್ದೆ. ಸರ್ವಿಸಿನಲ್ಲಿದ್ದಾಗ ಪತ್ರಿಕೆಗೆ ಬರೆಯಬೇಕಾದರೆ ಮೇಲಿನವರ ಅನುಮತಿ ಬೇಕಿತ್ತು. ಆ ತಾಪತ್ರಯ ಮುಗಿದಿದ್ದರಿಂದ ಕೈ ತುರಿಸುತ್ತಿತ್ತು. ನವೆಂಬರ್ 8ರ ಮಂಗಳವಾರ ರಾತ್ರಿ 8 ಗಂಟೆಗೆ ಪ್ರಧಾನಿಯವರು ಟೀವಿಯಲ್ಲಿ ಬಂದು 500 ಮತ್ತು 1000ದ ನೋಟುಗಳು ಮಧ್ಯರಾತ್ರಿಯಿಂದ ನಡೆಯುವುದಿಲ್ಲ ಅಂದದ್ದು ನಿಮಗೆಲ್ಲ ನೆನಪಿದೆ. ಮರುದಿನ ಬೆಳಗ್ಗೆ ಒಂಬತ್ತೂವರೆಗೆ ಪತ್ರಿಕೆಯಿಂದ ಫೋನು. “ಸರ್, ಮುಂಬೈಯಿಂದ ನಿಮ್ಮದೊಂದು ಲೇಖನ ಬೇಕು. ಏಳುನೂರು ಶಬ್ದ. ನಾಲ್ಕರೊಳಗೆ ಕೊಟ್ರೆ ನಾಳೆಯ ಪುಟಕ್ಕೆ.” ಆಗಲಿ ಅಂದೆ. ಆಗಲಿ ಅನ್ನುವುದಕ್ಕೆ ಎರಡು ಸೆಕೆಂಡೂ ತಗೊಳ್ಳಲಿಲ್ಲ.

ಮನೆಯ ಪರಿಸ್ಥಿತಿ ಹೀಗಿತ್ತು. ಮಗ ಪುಣೆಗೆ ಟೂರು. ಸೊಸೆ ಏಳು ಗಂಟೆಯ ಫಾಸ್ಟ್ ಲೋಕಲ್ಲು ಹಿಡಿದು ಆಫೀಸಿಗೆ ಹೋಗಿ ಆಗಿತ್ತು. ದೀಪಾವಳಿ ರಜೆ ಇನ್ನೂ ಮುಗಿದಿರಲಿಲ್ಲ, ನಾಲ್ಕು ವರ್ಷದ ಮೊಮ್ಮಗ ಮನೆಯಲ್ಲೇ. ಹೆಂಡತಿಗೆ ಮೊಣಕಾಲು ನೋವು, ಮಹಡಿ ಇಳಿಯುವ ಹಾಗಿಲ್ಲ. ಪರ್ಸಿನಲ್ಲಿ ಇದ್ದ ನೂರರ ನೋಟು ಎರಡೇ. ಹಾಲಿನವನಿಗೆ ಉದ್ರಿ ಹೇಳಿದ್ದಾಯಿತು, ತರಕಾರಿಯ ಭಯ್ಯಾ ‘ಪಾಂಚ್‌ಸೌ ನಹೀ ಚಲೇಗಾ’ ಅಂತ ಗಾಡಿ ಮುಂದಕ್ಕೆ ತಳ್ಳಿದ. ಗ್ಯಾಸಿನ ಸಿಲಿಂಡರಿನವನು ಅವತ್ತೇ ಬರಬೇಕೆ? ಬಂದ. ಈ ಎಲ್ಲದರ ನಡುವೆ ನಾನು ಕಂಪ್ಯೂಟರಿನ ಮುಂದೆ ಕೂತು ‘ಐತಿಹಾಸಿಕ ನಿರ್ಧಾರ’ ಅಂತ ಮೊದಲ ಸಾಲು ಹೊಡೆದೆ. ಮೊಮ್ಮಗ ತೊಡೆಯ ಮೇಲೆ ಹತ್ತಿ ಬ್ಯಾಕ್‌ಸ್ಪೇಸ್ ಒತ್ತಿ ಅದನ್ನು ಅಳಿಸಿದ. ಅವನು ಅಳಿಸಿದ್ದನ್ನು ನಾನು ಹಾಗೇ ಬಿಡಬಹುದಿತ್ತು. ಮತ್ತೆ ಹೊಡೆದೆ.

ಈಗ ಆ ಲೇಖನವನ್ನು ಬೇರೆಯವರದ್ದು ಅಂದುಕೊಂಡು ನೋಡೋಣ. ಮೊದಲ ಎರಡು ಪ್ಯಾರಾ ಹಿಂದಿನ ರಾತ್ರಿ ಟೀವಿಯಲ್ಲಿ ಬಂದದ್ದೇ. ಚಲಾವಣೆಯ ಮೌಲ್ಯದಲ್ಲಿ ಶೇಕಡಾ 86ರಷ್ಟು ಈ ಎರಡು ನೋಟುಗಳಲ್ಲಿದೆ ಅನ್ನುವ ಅಂಕಿ ಅಲ್ಲಿದೆ. ಆದರೆ ಅದರ ಅರ್ಥ ಏನು ಅಂತ ಒಂದು ಸಾಲೂ ಇಲ್ಲ. ಮೂವತ್ತೆಂಟು ವರ್ಷ ಕ್ಯಾಶು, ಕೌಂಟರು, ಕರೆನ್ಸಿ ಚೆಸ್ಟು ನೋಡಿದವನು ನಾನು. ಒಂದು ನೋಟು ಪ್ರೆಸ್ಸಿನಿಂದ ಚೆಸ್ಟಿಗೆ, ಚೆಸ್ಟಿನಿಂದ ಶಾಖೆಗೆ, ಅಲ್ಲಿಂದ ಎಟಿಎಮ್ಮಿನ ಕ್ಯಾಸೆಟ್ಟಿಗೆ ಹೋಗಲು ಎಷ್ಟು ಕೈ ದಾಟಬೇಕು ಅನ್ನುವುದು ನನಗೆ ಗೊತ್ತಿತ್ತು. ಓದುಗನಿಗೆ ಬೇಕಾಗಿದ್ದದ್ದು ಅದು. ಅದನ್ನು ಬಿಟ್ಟು, ‘ಒಂದು ವಾರದಲ್ಲಿ ಪರಿಸ್ಥಿತಿ ಸಹಜವಾಗಲಿದೆ’ ಅಂತ ಬರೆದಿದ್ದೇನೆ. ಯಾವ ಆಧಾರದ ಮೇಲೆ? ಹೊಸ 2000ದ ನೋಟಿನ ಅಳತೆಯೇ ಬೇರೆ, ಎಟಿಎಮ್ಮುಗಳನ್ನು ಒಂದೊಂದಾಗಿ ಹೊಂದಿಸಬೇಕು ಅನ್ನುವುದು ಆ ವಾರದ ಕೊನೆಗೆ ಎಲ್ಲರಿಗೂ ಗೊತ್ತಾಯಿತು. ನಾನು ಬರೆದದ್ದು ಬುಧವಾರ. ಶನಿವಾರ ಬರೆದಿದ್ದರೆ ಆ ಸಾಲು ಇರುತ್ತಿರಲಿಲ್ಲ. ಆದರೆ ಶನಿವಾರದ ಲೇಖನ ಯಾರಿಗೂ ಬೇಕಿರಲಿಲ್ಲ.

ನಮ್ಮ ಶಾಖೆಯ ಹಳೆಯ ಸಹೋದ್ಯೋಗಿಗೆ ಒಮ್ಮೆ ಫೋನು ಮಾಡಿದ್ದೆ. “ಸರ್, ನಾಳೆ ಬಾಗಿಲು ತೆಗೀಬೇಕು, ಈಗ ಮಾತಾಡೋಕಾಗಲ್ಲ” ಅಂದ. ಅವನ ಧ್ವನಿಯಲ್ಲಿದ್ದ ಗಾಬರಿಯೇ ಅವತ್ತಿನ ನಿಜವಾದ ಸುದ್ದಿ. ನನಗೆ ಅದು ತಿಳಿಯಲಿಲ್ಲ, ಫೋನು ವ್ಯರ್ಥವಾಯಿತು ಅಂದುಕೊಂಡೆ.

ಇನ್ನೊಂದು ಸಾಲು: ‘ಕಪ್ಪುಹಣದ ದೊಡ್ಡ ಪಾಲು ಬ್ಯಾಂಕಿಗೆ ಮರಳುವುದೇ ಇಲ್ಲ.’ ನಾನೊಬ್ಬನೇ ಅಲ್ಲ, ದೊಡ್ಡ ದೊಡ್ಡವರು ಹಾಗೆ ಹೇಳುತ್ತಿದ್ದರು. ಆದರೆ ದೊಡ್ಡವರ ಜೊತೆ ತಪ್ಪಿದರೆ ತಪ್ಪು ಅರ್ಧ ಆಗುವುದಿಲ್ಲವಲ್ಲ. 2018ರ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕಿನ ವಾರ್ಷಿಕ ವರದಿ ಬಂತು. ರದ್ದಾದ 15.41 ಲಕ್ಷ ಕೋಟಿಯಲ್ಲಿ 15.31 ಲಕ್ಷ ಕೋಟಿ ವಾಪಸು ಬಂದಿತ್ತು, ಅಂದರೆ ಶೇಕಡಾ 99.3. ನಾನು ಪತ್ರಿಕೆಗೆ ಫೋನು ಮಾಡಿ, ಅವತ್ತು ಬರೆದದ್ದು ತಪ್ಪಾಗಿದೆ, ಈಗ ಮುನ್ನೂರು ಶಬ್ದದಲ್ಲಿ ಅದನ್ನು ಬರೆಯುತ್ತೇನೆ ಅಂದೆ. ಆ ಹುಡುಗ ತುಂಬ ಮರ್ಯಾದೆಯಿಂದಲೇ ಹೇಳಿದ: “ಹಳೇ ವಿಷಯ ಆಯ್ತಲ್ಲ ಸರ್.” ಬ್ಯಾಂಕಿನಲ್ಲಾದರೆ ಲೆಡ್ಜರಿನಲ್ಲಿ ತಪ್ಪು ಎಂಟ್ರಿ ಬಿದ್ದರೆ ಹತ್ತು ವರ್ಷದ ನಂತರವಾದರೂ ರಿವರ್ಸ್ ಎಂಟ್ರಿ ಹಾಕಿಯೇ ಹಾಕುತ್ತಿದ್ದೆವು. ಈ ಬರವಣಿಗೆಗೆ ಡೆಬಿಟ್ ಮಾತ್ರ ಉಂಟು, ರಿವರ್ಸಲ್ ಇಲ್ಲ. ನನ್ನ ದೊಡ್ಡ ತಕರಾರು ಇದೇ. ತಪ್ಪು ಬರೆಯುವುದಕ್ಕೆ ಸಿಕ್ಕ ಜಾಗ ತಿದ್ದುವುದಕ್ಕೆ ಸಿಕ್ಕುವುದಿಲ್ಲ.

ಅಂಕಣ ಬರಹವೆಲ್ಲ ಹೀಗೇ ಅಂತ ನಾನು ಹೇಳುತ್ತಿಲ್ಲ. ಹಾ.ಮಾ. ನಾಯಕರ ‘ಸಂಪ್ರತಿ’ಗೆ 1989ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಹೆಸರಿನ ಅರ್ಥವೇ ‘ಈಗ, ಸದ್ಯ’ ಅಂತ. ಸದ್ಯದ ಬಗ್ಗೆ ಬರೆದದ್ದನ್ನು ಪುಸ್ತಕ ಮಾಡಿ ಜನ ಓದಿದರು. ಲಂಕೇಶರ ‘ಟೀಕೆ ಟಿಪ್ಪಣಿ’ಯನ್ನು ಇವತ್ತಿಗೂ ಓದುತ್ತಾರೆ. ವ್ಯತ್ಯಾಸ ಏನಪ್ಪಾ ಅಂದರೆ, ಅಂಕಣಕಾರ ವಿಷಯವನ್ನು ಆರಿಸುತ್ತಾನೆ. ನಮ್ಮಂಥ ಪ್ರತಿಕ್ರಿಯೆಗಾರರನ್ನು ವಿಷಯ ಆರಿಸುತ್ತದೆ. ಅಂಕಣಕಾರನಿಗೆ ‘ಈ ವಾರ ನನಗೇನೂ ತೋಚುತ್ತಿಲ್ಲ’ ಅನ್ನುವ ಸ್ವಾತಂತ್ರ್ಯ ಉಂಟು, ಒಳ್ಳೆಯವರು ಅದನ್ನೇ ಒಂದು ಲೇಖನ ಮಾಡಿಬಿಡುತ್ತಾರೆ. ನಾಲ್ಕು ಗಂಟೆಯ ಲೇಖಕನಿಗೆ ಗೊತ್ತಿಲ್ಲ ಅನ್ನುವ ಶಬ್ದವೇ ನಿಷಿದ್ಧ.

ಜೊತೆಗೆ ಹೊರನಾಡಿನವರಿಗೆ ಒಂದು ವಿಶೇಷ ರೋಗ ಇದೆ. ಹೆಸರಿನ ಕೆಳಗೆ ‘ಮುಂಬೈ’ ಅಂತ ಅಚ್ಚಾಗುತ್ತದೆ. ಊರಲ್ಲಿ ಓದುವ ನಿಮಗೆ ನಾನು ರಿಸರ್ವ್ ಬ್ಯಾಂಕಿನ ಕಿಟಕಿಯಲ್ಲಿ ಇಣುಕಿ ಬರೆಯುತ್ತಿದ್ದೇನೆ ಅನ್ನಿಸಬಹುದು. ಡೊಂಬಿವಲಿಯಿಂದ ವಿ.ಟಿ.ಗೆ ಲೋಕಲ್ಲಿನಲ್ಲಿ ಒಂದು ತಾಸಿನ ಮೇಲೆ. ನನಗೆ ಕಾಣುವುದು ನಮ್ಮ ಸೊಸೈಟಿಯ ನೀರಿನ ಟ್ಯಾಂಕು. ನಾನು ನೋಡುವ ಟೀವಿ ಚಾನೆಲ್ಲೇ ಗದಗಿನಲ್ಲೂ ಬರುತ್ತದೆ. ಆದರೂ ಸಂಪಾದಕರಿಗೆ ಆ ಒಂದು ಶಬ್ದ ಬೇಕು, ನಮಗೂ ಬೇಕು. ಮೂವತ್ತು ವರ್ಷ ಊರು ಬಿಟ್ಟಿದ್ದಕ್ಕೆ ಊರಿನವರ ಮುಂದೆ ಏನಾದರೂ ಒಂದು ಬೆಲೆ ಕಟ್ಟಿ ತೋರಿಸಬೇಕಲ್ಲ. ಭಾಷೆಯದ್ದೂ ಹಾಗೇ. ಇಡೀ ದಿನ ಸುತ್ತಮುತ್ತ ‘ನೋಟಬಂದಿ’ ಅಂತ ಮರಾಠಿಯಲ್ಲಿ ಕೇಳಿ, ಕನ್ನಡದಲ್ಲಿ ಬರೆಯುವಾಗ ‘ಅಮಾನ್ಯೀಕರಣ’ ಅಂತ ಹೊಡೆದಿದ್ದೇನೆ. ನನ್ನ ತಾಯಿ ಇದ್ದಿದ್ದರೆ ‘ನೋಟು ನಡ್ಯಾಂಗಿಲ್ಲಂತ’ ಅನ್ನುತ್ತಿದ್ದರು. ಅದೇ ಸರಿಯಾಗಿತ್ತು.

ಇಷ್ಟೆಲ್ಲ ಹೇಳಿ ಮುಖ್ಯವಾದದ್ದನ್ನು ಮುಂದಕ್ಕೆ ಹಾಕುತ್ತಿದ್ದೇನೆ. ಲೇಖನ ಬರೆಯುತ್ತಿದ್ದಾಗ ಮಧ್ಯಾಹ್ನ ಎರಡೂವರೆ. ನಾನೂರು ಶಬ್ದಕ್ಕೆ ನಿಂತುಬಿಟ್ಟಿತ್ತು. ಹೆಂಡತಿ ಅಡಿಗೆಮನೆಯಿಂದ ಕುಂಟುತ್ತಾ ಬಂದು ನಿಂತಳು. “ಅಲ್ರೀ, ನನ್ನ ಕಡೆ ಒಂದಿಷ್ಟು ರೊಕ್ಕ ಅವ. ಎಲ್ಲಾ ಐನೂರರ ನೋಟು. ಏನ್ ಮಾಡ್ಬೇಕು?” ಹಳೆಯ ಇಳಕಲ್ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದಳಂತೆ. ಅವಳು ಕೇಳಿದ್ದು ಬ್ಯಾಂಕಿನಲ್ಲಿ ಕೆಲಸ ಮಾಡಿದ ಗಂಡನನ್ನು. ಕೇಳಿಸಿಕೊಂಡವನು ಮುನ್ನೂರು ಶಬ್ದ ಕಡಿಮೆ ಬಿದ್ದಿದ್ದ ಲೇಖಕ. ಎರಡೂವರೆ ಲಕ್ಷದ ತನಕ ಜಮಾ ಮಾಡಿದರೆ ಗೃಹಿಣಿಯರನ್ನು ಯಾರೂ ಏನೂ ಕೇಳುವುದಿಲ್ಲ ಅಂತ ಸರಕಾರ ಹೇಳಿತು, ಗೊತ್ತಿರಬಹುದು. ನಾನು ಅವಳಿಗೆ ಉತ್ತರವನ್ನೇ ಕೊಡಲಿಲ್ಲ, “ತಡಿ ತಡಿ” ಅಂದು ಟೈಪು ಮಾಡತೊಡಗಿದೆ. ‘ನಮ್ಮ ಮನೆಯಲ್ಲೂ ಕಪ್ಪುಹಣ ಪತ್ತೆ!’ ಅಂತ ಶುರುಮಾಡಿ, ಸೀರೆ, ಮಡಿಕೆ, ಮೊತ್ತ ಸಮೇತ ಬರೆದೆ. ಮೂರೂ ಮುಕ್ಕಾಲಿಗೆ ಕಳಿಸಿದೆ. ಬಹಳ ಖುಷಿಯಾಯಿತು.

ಆ ತುಣುಕಿನಲ್ಲಿ ಚೆನ್ನಾಗಿರುವ ಭಾಗ ಯಾವುದು ಅಂತ ಯಾರನ್ನಾದರೂ ಕೇಳಿದರೆ ಅದೇ ಪ್ಯಾರಾ ತೋರಿಸುತ್ತಾರೆ. ಸಂಪಾದಕರೂ ಅದನ್ನೇ ಬಾಕ್ಸು ಮಾಡಿ ಹಾಕಿದ್ದರು. ನನಗೆ ಅವತ್ತು ತಿಳಿಯದೆ ಹೋದದ್ದು ಇಷ್ಟು: ಆ ಬೇಸಿಗೆಯಲ್ಲಿ ಗದಗಿನಲ್ಲಿರುವ ಅವಳ ಅಣ್ಣ ಮಗಳ ಫೀಸಿಗೆ ಅಂತ ಸ್ವಲ್ಪ ಕೈಗಡ ಕೇಳಿದ್ದರಂತೆ. ಇವಳು “ನನ್ನ ಹತ್ರ ಎಲ್ಲಿಂದ ಬರಬೇಕಣ್ಣ, ಇವರನ್ನ ಕೇಳ್ತೀನಿ” ಅಂದಿದ್ದಳಂತೆ. ನನ್ನನ್ನು ಕೇಳಿರಲೂ ಇಲ್ಲ. ಪತ್ರಿಕೆ ಗದಗಿಗೆ ಬೆಳಗ್ಗೆ ಆರಕ್ಕೇ ಹೋಗುತ್ತದೆ. ಅಣ್ಣನ ಫೋನು ಎಂಟಕ್ಕೆ ಬಂತು. ಅವರು ಜಗಳ ಮಾಡಲಿಲ್ಲ. “ಓದಿದ್ವಿ, ಛಲೋ ಬರದಾರ” ಅಂದರಂತೆ, ಅಷ್ಟೇ. ಆಮೇಲೆ ಸುಮಾರು ಎರಡು ವರ್ಷ, ಹಬ್ಬಕ್ಕೂ ಅವರ ಫೋನು ಬರಲಿಲ್ಲ.

ಇವಳೂ ಜಗಳ ಮಾಡಲಿಲ್ಲ. ಶುಕ್ರವಾರ ನೆರೆಮನೆಯ ಹೆಂಗಸಿನ ಜೊತೆ ರಿಕ್ಷಾದಲ್ಲಿ ಹೋಗಿ, ಆ ಮೊಣಕಾಲು ಇಟ್ಟುಕೊಂಡು ಮೂರು ತಾಸು ಸರದಿಯಲ್ಲಿ ನಿಂತು ತಾನೇ ಜಮಾ ಮಾಡಿ ಬಂದಳು. ಬ್ಯಾಂಕಿನಲ್ಲಿ ಆಯುಷ್ಯ ಕಳೆದವನು ಮನೆಯಲ್ಲಿ ಮೊಮ್ಮಗನನ್ನು ನೋಡಿಕೊಂಡು ಕೂತಿದ್ದೆ. ಯಾತಕ್ಕೆ ಇಟ್ಟಿದ್ದೆ ಆ ದುಡ್ಡು ಅಂತ ಕೇಳಿದ್ದು ಎಷ್ಟೋ ತಿಂಗಳ ಮೇಲೆ. “ಊರಿಗೆ ಹೋಗಬೇಕು ಅನ್ನಿಸಿದಾಗ ಯಾರನ್ನೂ ಕೇಳೂದು ಬ್ಯಾಡ ಅಂತ” ಅಂದಳು. 1989ರಲ್ಲಿ ನನಗೆ ಮುಂಬೈಗೆ ವರ್ಗವಾದಾಗಿನಿಂದ ಟಿಕೆಟ್ಟಿಗೆ ಅಂತ ಬೇರೆ ತೆಗೆದಿಡುವ ಅಭ್ಯಾಸವಂತೆ. ಅವಳ ತಾಯಿ ತೀರಿಕೊಂಡ ರಾತ್ರಿ ಮನೆಯಲ್ಲಿ ನಾನಿರಲಿಲ್ಲ, ಆಡಿಟ್ಟಿಗೆ ಹೋಗಿದ್ದೆ. ಆ ದುಡ್ಡಿನಲ್ಲೇ ಮಗುವನ್ನು ಎತ್ತಿಕೊಂಡು ಗಾಡಿ ಹತ್ತಿದ್ದಳು. ಅದನ್ನು ನಾನು ಕಪ್ಪುಹಣ ಅಂತ ತಮಾಷೆ ಮಾಡಿದ್ದೆ. ಹೊರನಾಡಿನಲ್ಲಿ ಬದುಕುವುದರ ಬಗ್ಗೆ ಬರೆಯಬಹುದಾಗಿದ್ದ ಒಂದೇ ಒಂದು ನಿಜವಾದ ಸಂಗತಿ ನನ್ನ ಮೇಜಿನ ಪಕ್ಕಕ್ಕೇ ನಡೆದು ಬಂದಿತ್ತು. ಹತ್ತು ನಿಮಿಷ ಮಾತಾಡಿದ್ದರೆ ಸಿಕ್ಕುತ್ತಿತ್ತು. ಆ ಹತ್ತು ನಿಮಿಷ ನನ್ನ ಹತ್ತಿರ ಇರಲಿಲ್ಲ.

ಫೈಲಿನಲ್ಲಿ 2019ರ ಆಗಸ್ಟ್ 31ರ ಇನ್ನೊಂದು ತುಣುಕಿದೆ. ಹಿಂದಿನ ದಿನ ಶುಕ್ರವಾರ, ಹತ್ತು ಬ್ಯಾಂಕುಗಳನ್ನು ಸೇರಿಸಿ ನಾಲ್ಕು ಮಾಡುವ ಘೋಷಣೆ. ಸಿಂಡಿಕೇಟ್ ಬ್ಯಾಂಕು ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿಗೆ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲೇ ಹೋಗಿತ್ತು, ವಿಜಯಾ ಬ್ಯಾಂಕು ಅದೇ ಏಪ್ರಿಲ್ಲಿನಲ್ಲಿ. ಸೋಮವಾರ ಗಣೇಶ ಚೌತಿ, ಮನೆ ತುಂಬ ಮರಾಠಿ ಬೀಗರು. ಪತ್ರಿಕೆಯವರು “ಸ್ವಲ್ಪ ಎಮೋಷನಲ್ ಆಗಿ ಬರೀರಿ ಸರ್” ಅಂದರು. ಈ ಸಲ ಐನೂರೇ ಶಬ್ದ ಬರೆದೆ. 1928ರಲ್ಲಿ ಶುರುವಾದ ಪಿಗ್ಮಿ ಠೇವಣಿ, ದಿನಾ ಅಂಗಡಿ ಬಾಗಿಲಿಗೆ ಬಂದು ಎರಡಾಣೆ ಒಯ್ಯುವ ಏಜೆಂಟು, ಬ್ಯಾಂಕಿನ ಮೇಲಿನ ನಂಬಿಕೆ ಅಂದರೆ ಜನರಿಗೆ ಆ ಮನುಷ್ಯನ ಮುಖವೇ ಆಗಿತ್ತು ಅನ್ನುವುದು ಬರೆದೆ. ಇದು ನನಗೆ ಗೊತ್ತಿದ್ದ ವಿಷಯ. ಕೊನೆಗೆ, ‘ಎಷ್ಟು ಶಾಖೆ ಮುಚ್ಚುತ್ತವೆ, ಗ್ರಾಹಕರಿಗೆ ಒಳ್ಳೆಯದಾಗುತ್ತದೋ ಕೆಟ್ಟದ್ದೋ ನನಗೆ ಈಗ ಹೇಳಲಾಗದು’ ಅಂತ ಎರಡು ಸಾಲು ಸೇರಿಸಿದೆ. ಕಳಿಸುವ ಮೊದಲು ಹೆಂಡತಿಗೆ ಓದಿದೆ. ಕಡುಬಿನ ಹಿಟ್ಟು ನಾದುತ್ತಲೇ ಕೇಳಿ, “ನಮ್ಮ ಮಂದಿ ಯಾರೂ ಇಲ್ಲಲ್ಲ ಇದ್ರಾಗ?” ಅಂದಳು. ಇಲ್ಲ ಅಂದೆ.

ಅಚ್ಚಾದದ್ದು ನೋಡಿದರೆ ‘ಗೊತ್ತಿಲ್ಲ’ ಅನ್ನುವ ಆ ಎರಡು ಸಾಲೇ ಮಾಯ. ಕೆಳಗೆ ಜಾಹೀರಾತು ಬಂದಿತ್ತು. ಆದರೂ ಐದಾರು ವರ್ಷದ ಮೇಲೆ ಈಗ ಓದಿದರೆ ಆ ಲೇಖನದಲ್ಲಿ ನನಗೆ ನಾಚಿಕೆಯಾಗುವ ಸಾಲಿಲ್ಲ. ಚೆನ್ನಾಗಿದೆ ಅಂತಲೂ ಅಲ್ಲ. ಎನ್‌ಪಿಎ ಆಗಿಲ್ಲ, ಅಷ್ಟೇ.

2023ರ ಮೇ 19ರಂದು 2000ದ ನೋಟು ಹಿಂತೆಗೆಯುವ ಪ್ರಕಟಣೆ ಬಂದ ಸಂಜೆಯೂ ಫೋನು ಬಂತು. ಇವಳು ಒಳಗಿನಿಂದ ಮೂರು ನೋಟು ತಂದು ಮೇಜಿನ ಮೇಲಿಟ್ಟು, “ಸೆಪ್ಟೆಂಬರ್ 30ರ ತನಾ ಟೈಮ್ ಅದ ಅಂತ. ನೀವ ಹೋಗಿ ಬದಲಿಸ್ಕೊಂಡ್ ಬರ್ರಿ” ಅಂದಳು. ನಾನು ಪತ್ರಿಕೆಯವರಿಗೆ ಈ ಸಲ ಆಗುವುದಿಲ್ಲ ಅಂದೆ. ಮುಂದಿನ ವಾರ ಬ್ಯಾಂಕಿಗೆ ಹೋಗಿ ಬದಲಿಸಿಕೊಂಡು ಬಂದೆ, ಅಲ್ಲಿ ಸರದಿಯೇ ಇರಲಿಲ್ಲ.

ಈ ಬರಹಕ್ಕೆ ಗಡುವು ಮೂರು ತಿಂಗಳಿತ್ತು. ಅವಳಿಗೆ ಎರಡು ಸಲ ಓದಿದ್ದೇನೆ. ಅಣ್ಣನ ವಿಷಯ ಇರಲಿ, ಈಗ ಎಲ್ಲಾ ಸರಿಯಾಗೇದ ಅಂದಳು. ತಾಯಿಯ ವಿಷಯ ಬಂದಾಗ ಸುಮ್ಮನೆ ಕೇಳಿದಳು. 2016ರ ಮೊತ್ತವನ್ನು ಮಾತ್ರ ಇಲ್ಲೂ ಹಾಕಿದ್ದೆ, ಅದನ್ನು ತೆಗೆಸಿದಳು.